ಮಕ್ತಲ್ ಮೀನು, ಗದ್ವಾಲ್ ಮೀನು

ಮೊದಲು ಕಚ್ಚಿದ್ದು ನಮ್ಮ ಮಕ್ತಲ್ ಮೀನಲ್ಲ. ಕತೆ ಶುರು ಮಾಡುವ ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಇವತ್ತಿಗೂ ಕೆಲವರು ಉಲ್ಟಾ ಹೇಳಿಕೊಂಡು ತಿರುಗುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಆ ಹೊತ್ತಿಗೆ ಅವರಲ್ಲಿ ಒಬ್ಬರೂ ಗಾಜಿನ ಪೆಟ್ಟಿಗೆಯ ಮುಂದೆ ಇರಲಿಲ್ಲ. ನಾನಿದ್ದೆ.

ನಾನು ತಿರುಪತಮ್ಮ. ತವರು ಮಕ್ತಲ್. ಸೀರೆ ನೇಯುವವರ ಮನೆಗೆ ಕಿರಿಸೊಸೆಯಾಗಿ ನಾರಾಯಣಪೇಟೆಗೆ ಬಂದವಳು. ನನಗಿಂತ ಮೊದಲು ಬಂದ ಹಿರಿಸೊಸೆ ಜಮ್ಮುಲಮ್ಮನ ತವರು ಗದ್ವಾಲ್. ಅವಳ ಗಂಡ ಎಂಕಪ್ಪ ಒಂದು ಮಗ್ಗದಲ್ಲಿ, ನನ್ನ ಗಂಡ ಸಾಯಣ್ಣ ಇನ್ನೊಂದು ಮಗ್ಗದಲ್ಲಿ, ನಮ್ಮೆಲ್ಲರ ತಲೆಯ ಮೇಲೆ ಅತ್ತೆ ಬುಗ್ಗಮ್ಮ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಮೂರು ಜಡೆಗಳಿದ್ದವು. ಒಲೆಯ ಎಡಗಡೆ ಜಮ್ಮುಲಮ್ಮನ ಜಾಗ. ನಾನು ಅಲ್ಲಿ ಉಪ್ಪಿನ ಗಡಿಗೆ ಇಟ್ಟರೆ ಸಂಜೆಯೊಳಗೆ ಅದು ಹಿತ್ತಲಿಗೆ ಹೋಗಿರುತ್ತಿತ್ತು. ನಾನೂ ಬಿಡುವವಳಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅವಳ ಒನಕೆ ಎಷ್ಟೋ ಸಾರಿ ದನದ ಕೊಟ್ಟಿಗೆಯಲ್ಲಿ ಸಿಕ್ಕಿದೆ.

ಗಾಜಿನ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಕಚೇರಿಯ ಪೇಶಕಾರ ಸಾಹೇಬರು ತಮ್ಮ ಮನೆಯ ವರಾಂಡದಲ್ಲಿ ಬಣ್ಣದ ಮೀನು ಸಾಕಿದ್ದರು. ಗಲಾಟೆ ಹೆಚ್ಚಾದ ವರ್ಷ ಬೇಸಿಗೆಯಲ್ಲಿ ಅವರು ಮಗಳ ಮನೆಗೆಂದು ಹೈದರಾಬಾದಿಗೆ ಹೊರಟರು. ಮೀನುಗಳು ಆಗಲೇ ಬಿಸಿಲಿಗೆ ಸತ್ತಿದ್ದವು. ಕಬ್ಬಿಣದ ಕಟ್ಟು ಹಾಕಿದ ಆ ಪೆಟ್ಟಿಗೆ ಎಷ್ಟು ದೊಡ್ಡದೆಂದರೆ ಒಬ್ಬ ಆಳು ಕಾಲು ಮಡಚಿಕೊಂಡು ಒಳಗೆ ಮಲಗಬಹುದಿತ್ತು. ಅದನ್ನು ನಾಲ್ಕು ಜನರ ಕೈಯಲ್ಲಿ ಹೊರಿಸಿಕೊಂಡು ಬಂದು ನಮ್ಮ ಅತ್ತೆಯ ಮುಂದೆ ಇಳಿಸಿ, ಇದು ಅಮಾನತ್ತು ಬುಗ್ಗಮ್ಮಾ, ನಿಮ್ಮನ್ನ ನಂಬಿ ಇಟ್ಟು ಹೋಗ್ತಿದೀನಿ, ಬಂದು ತಗೊಂಡು ಹೋಗ್ತೀನಿ ಎಂದು ಹೇಳಿ ಹೋದರು. ಅವರ ಮಗಳ ಮದುವೆಯ ಸೀರೆ ನೇಯ್ದಿದ್ದು ನಮ್ಮ ಮನೆಯಲ್ಲೇ. ಅಷ್ಟು ವಿಶ್ವಾಸ. ಅತ್ತೆ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಟ್ಟು ದಿನಾ ಒರೆಸುತ್ತಿದ್ದರು. ಖಾಲಿ ಪೆಟ್ಟಿಗೆಯಲ್ಲಿ ಏನು ಚೆಂದ ಎಂದು ಕೇಳಿದರೆ, ಅಮಾನತ್ತು ಇಟ್ಟವರು ತಿರುಗಿ ಬಂದೇ ಬರುತ್ತಾರೆ, ಬಂದಾಗ ಧೂಳು ಇರಬಾರದು ಎನ್ನುತ್ತಿದ್ದರು.

ಆ ವರ್ಷವೆಲ್ಲ ದಾರಿಗಳು ಮುಚ್ಚಿದ ಹಾಗೆಯೇ ಇದ್ದವು. ರಜಾಕಾರರ ಹೆದರಿಕೆಗೆ ಹೆಣ್ಣುಮಕ್ಕಳನ್ನು ಯಾರೂ ಊರು ದಾಟಿಸುತ್ತಿರಲಿಲ್ಲ. ನಾನು ಮದುವೆಯಾಗಿ ಬಂದವಳು ಒಮ್ಮೆಯೂ ತವರಿಗೆ ಹೋಗಿರಲಿಲ್ಲ. ಇದರ ನಡುವೆ ನಮ್ಮವ್ವ ಪೆಂಟಮ್ಮ ಆ ವಯಸ್ಸಿನಲ್ಲಿ ಒಂದು ಹೆಣ್ಣು ಹಡೆದಿದ್ದಳು. ಮಗಳ ಮದುವೆ ಮಾಡಿ ಕಳಿಸಿದ ಮೇಲೆ ತೊಟ್ಟಿಲು ಕಟ್ಟಿದ್ದಕ್ಕೆ ಅವ್ವನಿಗೆ ನಾಚಿಕೆ, ನನಗೆ ಮಾತ್ರ ಹಬ್ಬ. ಒಬ್ಬಳೇ ಮಗಳಾಗಿ ಬೆಳೆದ ನನಗೆ ಒಂದು ತಂಗಿ ಹುಟ್ಟಿದೆ, ಅದರ ಮುಖ ನಾನು ನೋಡಿಲ್ಲ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಾಗಲೆಲ್ಲ ಅದರ ಮೂಗು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ.

ಆಮೇಲೆ ಪೋಲೀಸ್ ಆಕ್ಷನ್ ಆಯಿತು. ಮಿಲಿಟರಿ ಲಾರಿಗಳು ಬಂದವು ಎಂದು ಕೇಳುವಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಎಲ್ಲರ ಮನೆಯಲ್ಲೂ ಸಂತೋಷ ಇತ್ತು ಎಂದರೆ ಸುಳ್ಳಾಗುತ್ತದೆ, ಪೇಶಕಾರರ ಓಣಿಯಲ್ಲಿ ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಆದರೆ ಬಸ್ಸು ತಿರುಗಲು ಶುರುವಾದ ದಿನ ಊರಿಗೆ ಊರೇ ಹುಚ್ಚಾಯಿತು. ಕೆಲಸವಿಲ್ಲದಿದ್ದರೂ ಜನ ಬಸ್ಸು ಹತ್ತಿದರು. ನಮ್ಮ ಪಕ್ಕದ ಮನೆಯ ಮುದುಕ ಮಕ್ತಲ್‌ವರೆಗೆ ಹೋಗಿ, ಇಳಿದು, ಒಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದು ಮೂರು ದಿನ ಅದನ್ನೇ ಹೇಳಿದ. ನನ್ನ ಗಂಡ ಹಾಡುತ್ತ ನೇಯ್ದು ಒಂದು ಸೀರೆಯ ಅಂಚಿನಲ್ಲಿ ಗೋಪುರಗಳನ್ನೆಲ್ಲ ತಲೆಕೆಳಗು ಮಾಡಿದ.

ಮೊದಲ ವಾರದಲ್ಲೇ ನಮ್ಮಪ್ಪ ಯಲ್ಲಯ್ಯ ಬಂದಿಳಿದ. ಕೈಯಲ್ಲಿ ತಾಮ್ರದ ಕೊಡ, ಅದರ ಬಾಯಿಗೆ ಒದ್ದೆ ಬಟ್ಟೆ. ನಾನು ಹೋಳಿಗೆಯ ತುಪ್ಪ ಎಂದುಕೊಂಡೆ. ಬಟ್ಟೆ ಬಿಚ್ಚಿದರೆ ಒಳಗೆ ಕೊರ್ರಮೀನು. ಹಾವಿನಂಥ ತಲೆ, ಕರಿ ಮೈ, ಮೊಳಕೈಯಷ್ಟು ಉದ್ದ. ಬೀಗಿತ್ತಿಯ ಗಾಜಿನ ಪೆಟ್ಟಿಗೆ ಖಾಲಿ ಇದೆ ಎಂದು ಯಾರೋ ಹೇಳಿದ್ದರಂತೆ, ಅದಕ್ಕೆ ಕೆರೆಯಿಂದ ಜೀವಂತ ಹಿಡಿಸಿ ತಂದಿದ್ದ. ಅತ್ತೆಗೆ ಆದ ಸಂತೋಷ ಹೇಳತೀರದು. ಪೆಟ್ಟಿಗೆಗೆ ನೀರು ತುಂಬಿಸಿದರು, ಕಲ್ಲು ಹಾಕಿಸಿದರು, ಒಂದು ಒಡೆದ ಗಡಿಗೆಯನ್ನು ಬೋರಲು ಹಾಕಿಸಿದರು. ಮೀನು ಆ ಗಡಿಗೆಯೊಳಗೆ ಹೊಕ್ಕು ತಲೆ ಹೊರಗೆ ಹಾಕಿ ಕೂತಿತು.

ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ, "ಕೂಸು ಗ್ವಾಡಿ ಹಿಡಕೊಂಡು ನಿಂದರತೈತಿ. ಇವತ್ತೋ ನಾಳೆಯೋ ಹೆಜ್ಜಿ ಹಾಕತೈತಿ. ಅಕ್ಕ ಬರೋತನ ನಡೀಬ್ಯಾಡವ್ವಾ ಅಂತ ನಿಮ್ಮವ್ವ ದಿನಾ ಅದಕ್ಕ ಹೇಳತಾಳ."

ಅಷ್ಟು ಕೇಳಿದ್ದೇ ನನ್ನ ಕಾಲುಗಳು ಮಕ್ತಲ್ ದಾರಿ ಹಿಡಿದುಬಿಟ್ಟವು. ದಸರೆಗೆ ಹೋಗಲೇಬೇಕು, ತಂಗಿಯ ಮೊದಲ ಹೆಜ್ಜೆ ನನ್ನ ಕಡೆಗೇ ಬೀಳಬೇಕು ಎಂದು ನಿಶ್ಚಯ ಮಾಡಿಬಿಟ್ಟೆ. ಒಳಗೆ ಹೋಗಿ ಸೀರೆ ಮಡಚುವಷ್ಟರಲ್ಲಿ ಬೀದಿಯಲ್ಲಿ ಮತ್ತೊಂದು ಗದ್ದಲ. ಜಮ್ಮುಲಮ್ಮನ ಅಪ್ಪ ಭೀಮಯ್ಯ ಗದ್ವಾಲದಿಂದ ಬಂದಿದ್ದ, ಅವನ ಕೈಯಲ್ಲೂ ಕೊಡ, ನಮ್ಮಪ್ಪನ ಕೊಡಕ್ಕಿಂತ ದೊಡ್ಡದು. ಅದರೊಳಗೂ ಕೊರ್ರಮೀನು, ಅದೂ ನಮ್ಮದಕ್ಕಿಂತ ಒಂದು ಬೆರಳು ಉದ್ದ. ಇದು ಕೆರೆಯ ಕೆಸರಲ್ಲ ಬೀಗರೆ, ಕೃಷ್ಣೆಯ ನೀರು ಎಂದು ನಮ್ಮಪ್ಪನ ಮುಖ ನೋಡಿಕೊಂಡೇ ಹೇಳಿದ.

ಎರಡನೆಯದನ್ನೂ ಅದೇ ಪೆಟ್ಟಿಗೆಗೆ ಬಿಟ್ಟರು. ಗದ್ವಾಲ್ ಮೀನು ಸೀದಾ ಗಡಿಗೆಯ ಬಾಗಿಲಿಗೆ ಹೋಯಿತು. ನಮ್ಮದು ಬಾಯಿ ತೆರೆದುಕೊಂಡು ಸ್ವಲ್ಪ ಜೋರಾಗಿ ಎದುರು ಬಂದದ್ದು ನಿಜ. ಮನೆಗೆ ಬಂದವರನ್ನು ಎದುರುಗೊಳ್ಳಬೇಡವೇ? ಆಗ ಅದು ಕಚ್ಚಿತು. ಆಮೇಲೆ ಇದೂ ಕಚ್ಚಿತು. ನೀರು ಪಡಸಾಲೆಯ ತುಂಬ ಚೆಲ್ಲಿತು, ಭೀಮಯ್ಯ ತೊಡೆ ತಟ್ಟಿದ, ನಮ್ಮಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ನಿಮ್ಮೂರ ಮೀನಿಗೆ ಮರ್ಯಾದೆ ಇಲ್ಲ ಎಂದು ನಾನು ಅಂದೆ, ನಿಮ್ಮೂರ ಮೀನಿಗೆ ಬುದ್ಧಿ ಇಲ್ಲ ಎಂದು ಜಮ್ಮುಲಮ್ಮ ಅಂದಳು. ಎಂಕಪ್ಪ ಭಾವ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತ, ಮನೆಯಲ್ಲಿ ಹುಣಸೆಹಣ್ಣು ಇದೆಯೇ ಎಂದು ಕೇಳಿದರು.

ಇಬ್ಬರು ಅಪ್ಪಂದಿರೂ ಮಗಳನ್ನು ಹಬ್ಬಕ್ಕೆ ಕಳಿಸಿಕೊಡಿ ಎಂದು ಕೇಳಲೆಂದೇ ಬಂದವರು. ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಕೈಯಲ್ಲಿದ್ದ ದಾರದ ಲಡಿಯನ್ನು ಬದಿಗಿಟ್ಟರು.

"ಇಬ್ಬರನ್ನೂ ಕಳಸ್ತೀನಿ ಬೀಗ್ರ. ಆದ್ರ ಮೊದಲ ಇವರು ಈ ಎರಡಕ್ಕ ಬುದ್ಧಿ ಕಲಸ್ಲಿ. ಆಯುಧ ಪೂಜಿತನ ಎರಡೂ ಜೀವಂತ ಇರಬೇಕು, ಕಚ್ಚಾಡಬಾರದು. ಒಂದು ಸತ್ರೂ ಒಬ್ಬಾಕಿನೂ ಹೊಸ್ತಿಲ ದಾಟಂಗಿಲ್ಲ."

ಮೀನಿಗೆ ಬುದ್ಧಿ ಕಲಿಸುವುದು ಯಾವ ಸೀಮೆಯ ಶರತ್ತು ಎಂದು ನನಗೆ ಮೈ ಉರಿಯಿತು. ಆದರೆ ಬುಗ್ಗಮ್ಮನ ಬಾಯಿಂದ ಬಿದ್ದ ಮಾತು ಮಗ್ಗದಲ್ಲಿ ಬಿದ್ದ ಎಳೆಯ ಹಾಗೆ, ಹಿಂದಕ್ಕೆ ಬರುವುದಿಲ್ಲ. ಅಪ್ಪಂದಿರು ಪೂಜೆಯ ದಿನ ಬರುತ್ತೇವೆಂದು ಹೇಳಿ ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನಮ್ಮ ಪೆಟ್ಟಿಗೆಯಲ್ಲಿ ಎರಡು ಹಾವಿನ ತಲೆಗಳು.

ಹೊಟ್ಟೆ ತುಂಬಿದರೆ ಜಗಳ ಇರುವುದಿಲ್ಲ ಎಂದು ಮೊದಲು ತಿನ್ನಿಸಿದೆವು. ನಾನು ಎರೆಹುಳ ತಂದು ಮಕ್ತಲ್‌ಗೆ ಹಾಕಿದರೆ ಜಮ್ಮುಲಮ್ಮ ಮಿಡತೆ ತಂದು ಗದ್ವಾಲ್‌ಗೆ ಹಾಕುವಳು. ಮಕ್ತಲ್ ಎರೆಹುಳ ಬಿಟ್ಟು ಮಿಡತೆಗೆ ಹಾರುವುದು, ಗದ್ವಾಲ್ ಮಿಡತೆ ಬಿಟ್ಟು ಎರೆಹುಳಕ್ಕೆ ನುಗ್ಗುವುದು. ತಿಂದು ತಿಂದು ಎರಡಕ್ಕೂ ಕಚ್ಚಾಡುವ ಶಕ್ತಿ ಇನ್ನೂ ಹೆಚ್ಚಾಯಿತು. ಕತ್ತಲಲ್ಲಿ ಸುಮ್ಮನಿರುತ್ತವೆ ಎಂದು ಪೆಟ್ಟಿಗೆಗೆ ಕಂಬಳಿ ಹೊದಿಸಿದೆವು. ಹೊದಿಸಿದಷ್ಟು ಹೊತ್ತು ಸುಮ್ಮನಿದ್ದವು, ತೆಗೆದ ಕೂಡಲೇ ಬಾಕಿಯನ್ನೆಲ್ಲ ಸೇರಿಸಿ ಕಾದಾಡಿದವು. ಗದ್ವಾಲ್‌ನ ರೆಕ್ಕೆ ಹರಿಯಿತು, ಮಕ್ತಲ್‌ನ ತುಟಿ ಸೀಳಿತು. ನಾನು ಊಟದ ನಡುವೆಯೇ ಎದ್ದೆದ್ದು ಹೋಗಿ ಪೆಟ್ಟಿಗೆ ನೋಡುತ್ತಿದ್ದೆ. ಅದು ಸತ್ತರೆ ಮೀನು ಹೋಯಿತು ಅನ್ನುವ ದುಃಖವಲ್ಲ, ನನ್ನ ತಂಗಿ ನಾನಿಲ್ಲದೆ ನಡೆದುಬಿಡುತ್ತದಲ್ಲ ಎಂಬ ಸಂಕಟ.

ನಡುವೆ ಅಡ್ಡ ಏನಾದರೂ ನಿಲ್ಲಿಸಬೇಕು, ನೀರು ಹಾಯಬೇಕು, ಮೀನು ಹಾಯಬಾರದು. ನಾನೂ ಜಮ್ಮುಲಮ್ಮನೂ ಬೇರೆ ಬೇರೆ ಕಡೆ ಕೂತು ಇದನ್ನೇ ಯೋಚಿಸುತ್ತಿದ್ದೆವು. ಇಬ್ಬರ ಕಣ್ಣೂ ಒಟ್ಟಿಗೇ ಮಗ್ಗದ ಮೇಲೆ ಹೋಯಿತು. ನೇಯುವವರಿಗೆ ಬೇರೆ ಏನು ಹೊಳೆದೀತು? ಹಣಿಗೆ. ಬಿದಿರಿನ ಸಾವಿರ ಹಲ್ಲು, ನಡುವೆ ಒಂದೊಂದೇ ಎಳೆ ನುಸುಳುವ ಸಂದು. ಗಂಡಂದಿರ ಮಗ್ಗದ ಹಣಿಗೆ ಬಿಚ್ಚುವ ಹಾಗಿಲ್ಲ, ಅದರಲ್ಲಿ ಹಾಸಿನ ಎಳೆಗಳು ಪೋಣಿಸಿಕೊಂಡಿದ್ದವು. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳೆಯ ಹಣಿಗೆ ಇತ್ತು. ತೀರಿಕೊಂಡ ಮಾವನದು. ಅತ್ತೆ ಅದನ್ನು ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಾತ್ರ ಇಳಿಸುತ್ತಿದ್ದರು. ಪೂಜೆಗೆ ಇನ್ನೂ ದಿನ ಇದೆ, ಒಣಗಿಸಿ ಇಟ್ಟರಾಯಿತು ಎಂದು ಜಮ್ಮುಲಮ್ಮ ಹೇಳಿದಳು, ಅಟ್ಟ ಹತ್ತಿದ್ದು ನಾನು. ತಪ್ಪನ್ನು ಹೀಗೆ ಸರಿಪಾಲು ಮಾಡಿಕೊಂಡೆವು.

ಹಣಿಗೆ ಉದ್ದ ಇದ್ದರೂ ಎತ್ತರ ಒಂದು ಗೇಣು ಇರಲಿಲ್ಲ. ಪೆಟ್ಟಿಗೆಯ ನೀರನ್ನು ಅದಕ್ಕಿಂತ ಕೆಳಗೆ ಇಳಿಸಿ, ಮೂಲೆಯಿಂದ ಮೂಲೆಗೆ ನಿಲ್ಲಿಸಿದೆವು. ಅತ್ತೆಯ ಕಣ್ಣಿಗೆ ಬೀಳದ ಹಾಗೆ ಮೇಲೆ ಕಂಬಳಿ. ಆ ಸಂಜೆ ಎಂಥ ಶಾಂತಿ! ಈ ಕಡೆ ಮಕ್ತಲ್, ಆ ಕಡೆ ಗದ್ವಾಲ್, ನಡುವೆ ಮಾವ. ನಾನು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಬೆಳಿಗ್ಗೆ ಅತ್ತೆ ಸಾವುಕಾರರ ಅಂಗಡಿಗೆ ಸೀರೆ ಮುಟ್ಟಿಸಲು ಹೋದ ಕೂಡಲೇ ಕಂಬಳಿ ತೆಗೆದೆವು. ಪೆಟ್ಟಿಗೆಯ ತುಂಬ ಹಾಲು. ನೂಲಿಗೆ ಹಚ್ಚುವ ಗಂಜಿ ಎಷ್ಟೋ ವರ್ಷದಿಂದ ಆ ಹಣಿಗೆಯ ಹಲ್ಲುಗಳಲ್ಲಿ ಕೂತಿತ್ತು, ಅದೆಲ್ಲ ನೀರಿಗೆ ಬಿಟ್ಟಿತ್ತು. ಬಿದಿರು ಉಬ್ಬಿ ಹಣಿಗೆ ಬಿಲ್ಲಿನಂತೆ ಬಾಗಿತ್ತು. ಜಮ್ಮುಲಮ್ಮ ಕೈ ಹಾಕಿ ತಡಕಾಡಿದಳು. ಗದ್ವಾಲ್ ಇತ್ತು. ಮಕ್ತಲ್ ಇರಲಿಲ್ಲ.

ರಾತ್ರಿ ಕಂಬಳಿಯ ಸಂದಿನಿಂದ ಹೊರಗೆ ನೆಗೆದಿತ್ತು. ನೆಲಕ್ಕೆ ಕೂತು ಮೂಲೆ ಮೂಲೆ ಹುಡುಕಿದೆ, ಕಂಡಿಕೆಯ ಬುಟ್ಟಿ ಬೋರಲು ಹಾಕಿದೆ. ಅಷ್ಟರಲ್ಲಿ ಎಂಕಪ್ಪ ಭಾವ ಕೆಲಸಕ್ಕೆಂದು ಮಗ್ಗದ ಕುಣಿಗೆ ಕಾಲು ಇಳಿಸಿದರು. ನಮ್ಮದು ಕುಣಿ ಮಗ್ಗ, ನೆಲದಲ್ಲಿ ಗುಂಡಿ, ತುಳಿಯುವ ಹಲಗೆ ಅದರೊಳಗೆ. ಭಾವ ಹಲಗೆ ಎಂದು ತುಳಿದದ್ದು ಮೆತ್ತಗಿತ್ತು, ತಣ್ಣಗಿತ್ತು, ಮತ್ತು ಅದು ತಿರುಗಿ ತುಳಿಯಿತು.

"ಕುಣಿಯಾಗ ಹಾವು ಐತಿ," ಎಂದರು ಭಾವ, ಕಿರುಚಲಿಲ್ಲ, ಕಿರುಚಲು ಉಸಿರೇ ಇರಲಿಲ್ಲ. ಗುಂಡಿಯಿಂದ ಅವರು ಮೇಲೆ ಹಾರಿದ ವೇಗವನ್ನು ನಾನು ಆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನನ್ನ ಗಂಡ ಮೂಲೆಯ ಕೋಲು ಎತ್ತಿಕೊಂಡು ಓಡಿ ಬಂದ. ಕೆಸರು, ದಾರದ ತುಂಡು, ಕಸ ಎಲ್ಲ ಮೈಗೆ ಮೆತ್ತಿಕೊಂಡು ನಮ್ಮ ಮಕ್ತಲ್ ಗುಂಡಿಯಲ್ಲಿ ತೆವಳುತ್ತಿತ್ತು. ಕೊರ್ರಮೀನು ಗಟ್ಟಿ ಜೀವ, ನೀರಿಲ್ಲದೆಯೂ ಒಂದಿಷ್ಟು ಹೊತ್ತು ಉಸಿರಾಡುತ್ತದೆ. ಕೋಲಿನ ಏಟಿಗೆ ಉಳಿಯುವುದಿಲ್ಲ. ಸಾಯಣ್ಣ ಕೋಲು ಎತ್ತಿದ್ದ. ನಾನು ಇನ್ನೂ ಪಡಸಾಲೆಯ ಆ ತುದಿಯಲ್ಲಿದ್ದೆ.

ಕೋಲನ್ನು ಹಿಡಿದವಳು ಜಮ್ಮುಲಮ್ಮ. ಎರಡೂ ಕೈಯಿಂದ ಹಿಡಿದು ಜೋತುಬಿದ್ದಳು.

"ಹೊಡೀಬ್ಯಾಡ ಸಾಯಣ್ಣ, ಅದು ನಮ್ಮ ಮೀನು."

ನಿಮ್ಮ ಅನ್ನಲಿಲ್ಲ, ತಿರುಪತಮ್ಮನ ಅನ್ನಲಿಲ್ಲ. ನಾನು ಗುಂಡಿಗೆ ಧುಮುಕಿ ಸೆರಗಿನಲ್ಲಿ ಮೀನನ್ನು ಬಾಚಿಕೊಂಡೆ. ಅದರ ಬಾಲ ನನ್ನ ಕೆನ್ನೆಗೆ ಎರಡು ಸಾರಿ ಬಾರಿಸಿತು. ಜಮ್ಮುಲಮ್ಮನಿಗೆ ನಗು ಬಂತು, ನನಗೂ ಬಂತು, ಕೆಸರಿನಲ್ಲಿ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಂಡಂದಿರು ಇವರಿಗೇನೋ ಗಾಳಿ ಸೋಕಿದೆ ಎಂದು ದೂರ ನಿಂತರು.

ಅತ್ತೆ ಬರುವುದರೊಳಗೆ ಪೆಟ್ಟಿಗೆ ತೊಳೆಯಬೇಕಿತ್ತು. ಎರಡು ಮೀನನ್ನೂ ನಮ್ಮಪ್ಪನ ತಾಮ್ರದ ಕೊಡಕ್ಕೆ ಒಟ್ಟಿಗೆ ಹಾಕಿದೆವು, ಬೇರೆ ಪಾತ್ರೆ ಹುಡುಕುವಷ್ಟು ಹೊತ್ತಿರಲಿಲ್ಲ. ಗಂಜಿನೀರು ಚೆಲ್ಲಿ, ಗಾಜು ತಿಕ್ಕಿ, ಹೊಸ ನೀರು ಹೊತ್ತು ಹೊತ್ತು ಬೆನ್ನು ಮುರಿಯಿತು. ಕಲ್ಲುಗಳನ್ನು ಅವಳು ಕೊಟ್ಟ ಹಾಗೆ ನಾನು ಇಡುತ್ತ ಹೋದೆ, ಯಾವುದು ಎಲ್ಲಿತ್ತು ಎಂದು ಇಬ್ಬರಿಗೂ ನೆನಪಿರಲಿಲ್ಲ. ಒಡೆದ ಗಡಿಗೆ ಯಾವುದೋ ಮೂಲೆಗೆ ಹೋಯಿತು. ಮೀನುಗಳನ್ನು ಒಟ್ಟಿಗೇ ಸುರಿದೆವು. ಕಣ್ಣು ಮುಚ್ಚಿಕೊಂಡೆ.

ಸದ್ದೇ ಇಲ್ಲ. ಕಣ್ಣು ಬಿಟ್ಟರೆ ಎರಡೂ ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವರ ಹಾಗೆ ಅತ್ತ ಇತ್ತ ನೋಡಿಕೊಂಡು ತಿರುಗುತ್ತಿದ್ದವು. ಮಕ್ತಲ್ ಗದ್ವಾಲ್‌ನ ಪಕ್ಕದಲ್ಲೇ ಹಾದುಹೋಯಿತು. ಗದ್ವಾಲ್ ಬಾಯಿ ತೆರೆಯಿತು, ಸುಮ್ಮನೆ ಮುಚ್ಚಿತು. ಅವತ್ತು ಜಗಳವಿಲ್ಲ, ಮರುದಿನ ಜಗಳವಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಕ್ತಲ್ ಗಡಿಗೆ ಹಿಡಿದು ಕೂತಿತು, ಗದ್ವಾಲ್ ಅದರ ಬಾಗಿಲಿಗೆ ಹೋಯಿತು, ಮತ್ತೆ ಯುದ್ಧದ ಹವಾ. ನಾವು ಕೈ ಹಾಕಿ ಗಡಿಗೆ ಆ ತುದಿಗೆ, ಕಲ್ಲು ಈ ತುದಿಗೆ ಎತ್ತಿಟ್ಟೆವು. ಮತ್ತೆ ಎರಡೂ ಬಸ್ಸಿಳಿದವರಾದವು.

"ಮನಿ ನಂದು ಅಂದಾಗಷ್ಟ ಕಡೀತಾವ ನೋಡು," ಎಂದಳು ಜಮ್ಮುಲಮ್ಮ. ಒಂದು ಗಳಿಗೆ ಬಿಟ್ಟು, "ನಮ್ಮ ಅಡಗಿಮನಿನೂ ಒಂದ್ಸಾರಿ ಎತ್ತಿಡೋಣೇನು?" ಎಂದಳು.

ಆ ಮಧ್ಯಾಹ್ನವೇ ಎತ್ತಿಟ್ಟೆವು. ಒಲೆಯೊಂದನ್ನು ಬಿಟ್ಟು ಎಲ್ಲವೂ ಜಾಗ ಬದಲಿಸಿತು. ಉಪ್ಪು ಎಲ್ಲಿದೆ ಎಂದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡೇ ಅಡಿಗೆ ಮಾಡಿದೆವು. ಪಾಪ, ಅತ್ತೆಗೆ ಎರಡು ದಿನ ಸಪ್ಪನೆ ಸಾರು. ಇವರು ಮಾಟ ಮಾಡಿಸಿಕೊಂಡಿದ್ದಾರೋ ಏನೋ ಎಂದು ಪಕ್ಕದ ಮನೆಗೆ ಹೋಗಿ ಹೇಳಿದರಂತೆ. ಎಂಕಪ್ಪ ಭಾವನಿಗೆ ಹುಣಸೆಹಣ್ಣು ಆಮೇಲೆ ಸಿಗಲೇ ಇಲ್ಲ. ಅದನ್ನು ಮಾತ್ರ ನಾವು ಬೇಕೆಂದೇ ಅಡಗಿಸಿಟ್ಟಿದ್ದೆವು.

ಆಯುಧ ಪೂಜೆ ಬಂತು. ಮಗ್ಗ ತೊಳೆದು ಕುಂಕುಮ ಹಚ್ಚಿ, ಲಾಳಿಗಳನ್ನು ಸಾಲಾಗಿ ಇಟ್ಟಾಯಿತು. ಅತ್ತೆ ಕೆಂಪು ಬಟ್ಟೆ ಬಿಚ್ಚಿದರು. ಒಣಗಿಸಿದ್ದೆವು, ಕಲ್ಲು ಹೇರಿದ್ದೆವು, ಆದರೂ ಹಣಿಗೆಯ ಬಾಗು ಹೋಗಿರಲಿಲ್ಲ. ಅತ್ತೆ ಅದನ್ನು ಈ ಕಡೆ ಆ ಕಡೆ ತಿರುಗಿಸಿ, ಮೂಗಿನ ಹತ್ತಿರ ಹಿಡಿದರು. ನಾನೂ ಜಮ್ಮುಲಮ್ಮನೂ ನೆಲ ನೋಡಿದೆವು.

"ನಿಮ್ಮ ಮಾವ ಇದ್ದಿದ್ರ ಈ ವಾಸನಿಗೇ ಊಟಕ್ಕ ಕುಂದರತಿದ್ರು," ಎಂದು ಅದಕ್ಕೆ ಕುಂಕುಮ ಹಚ್ಚಿದರು.

ಮಧ್ಯಾಹ್ನಕ್ಕೆ ಇಬ್ಬರು ಅಪ್ಪಂದಿರೂ ಬಂದರು. ಅಪ್ಪನ ಕಣ್ಣು ನೋಡಿದೆ. ಕೂಸು ಇನ್ನೂ ನಡೆದಿಲ್ಲ ಎಂದು ಅವನು ತಲೆಯಲ್ಲೇ ಸನ್ನೆ ಮಾಡಿದ. ಪೆಟ್ಟಿಗೆಯಲ್ಲಿ ಎರಡು ಮೀನೂ ಒಂದೇ ಕಲ್ಲಿನ ನೆರಳಲ್ಲಿ ನಿಂತಿದ್ದವು, ಭೀಮಯ್ಯ ನಂಬಲಾರದೆ ಗಾಜು ತಟ್ಟಿ ನೋಡಿದ. ನಾನು ಗಂಟು ಎತ್ತಿಕೊಂಡೆ. ಆಗ ಅತ್ತೆ ಅಂದರು, ಇವು ಸುಮ್ಮನಿರುವುದು ನೀವಿಬ್ಬರೂ ಕಲ್ಲು ಎತ್ತಿಡುತ್ತಿರುವುದರಿಂದ, ನನಗೆ ಬಗ್ಗಲು ಆಗುವುದಿಲ್ಲ, ಇಬ್ಬರೂ ಹೋದರೆ ಎತ್ತಿಡುವವರು ಯಾರು, ಒಬ್ಬಳು ಇರಲೇಬೇಕು ಎಂದು.

ನನ್ನ ತಲೆ ಮೇಲೆ ಮೆಣಸು ಅರೆದ ಹಾಗಾಯಿತು. ಗಂಟನ್ನು ನೆಲಕ್ಕೆ ಒಗೆದೆ. ಮಾತು ಕೊಟ್ಟು ತಪ್ಪುವ ಮನೆ ಇದು ಎಂದೆ, ಅಪ್ಪ ಬೇಡ ಬೇಡ ಎಂದರೂ ಎಂದೆ. ಜಮ್ಮುಲಮ್ಮ ತನ್ನ ಗಂಟನ್ನು ಬಿಚ್ಚತೊಡಗಿದಳು.

"ತಿರುಪತಮ್ಮ ಹೋಗ್ಲಿ ಅತ್ತಿ. ಆಕಿ ತಂಗಿ ನಡಿಯಾಕ ಕಾಯಾಕತ್ತೈತಿ. ನಾ ಇರ್ತೀನಿ."

ಅವಳೂ ನನ್ನ ಹಾಗೆಯೇ ಒಂದು ವರ್ಷದಿಂದ ತವರಿನ ಬಾಗಿಲು ಕಾಣದವಳು. ಅವಳ ಅಪ್ಪ ಅಲ್ಲೇ ಕೂತಿದ್ದ, ಅವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವಳನ್ನು ಬಿಟ್ಟು ನಾನು ಹೋಗುವುದಿಲ್ಲ ಎಂದೆ. ಹೇಳಿದ ಮೇಲೆ ನನ್ನ ಬಾಯಿಂದಲೇ ಬಂತೇ ಈ ಮಾತು ಎಂದು ನಾನೇ ಬೆಚ್ಚಿದೆ. ಅತ್ತೆ ಮಗ್ಗದ ಕಟ್ಟೆಯ ಮೇಲೆ ಕೂತುಬಿಟ್ಟರು.

"ದಾರಿ ಮತ್ತ ಮುಚ್ಚಿದ್ರ?" ಎಂದರು. "ಇಬ್ಬರೂ ಹೋಗಿ ಅಲ್ಲೇ ಉಳದ್ರ? ಈ ವರ್ಷ ನೀವಿಬ್ಬರು ಕಚ್ಚಾಡೋ ಸದ್ದಿಲ್ಲಾಂದ್ರ ನಾ ಅಂಜಿ ಸಾಯತಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅತ್ತೆಯ ಕೈ ತಮಗೆ ಗೊತ್ತಿಲ್ಲದೆಯೇ ಪಕ್ಕದ ಗಾಜಿನ ಪೆಟ್ಟಿಗೆಯ ಧೂಳು ಒರೆಸುತ್ತಿತ್ತು. ಪೇಶಕಾರರ ಮಾತು ನೆನಪಾಯಿತು.

"ಅತ್ತಿ, ಅಕ್ಕನ ಮೀನು ನಾ ಒಯ್ತೀನಿ, ನನ್ನ ಮೀನು ಅಕ್ಕ ಒಯ್ಲಿ," ಎಂದೆ. "ಅಮಾನತ್ತು. ನನ್ನ ತವರಿನ ಮೀನು ಗದ್ವಾಲ್‌ನವರ ಕೈಯಾಗ ಬಿಟ್ಟು ನಾ ಮಕ್ತಲ್‌ದಾಗ ಕುಂದರತೀನೇನು?"

ಅತ್ತೆ ನನ್ನ ಮುಖ ನೋಡಿದರು, ಜಮ್ಮುಲಮ್ಮನ ಮುಖ ನೋಡಿದರು. ಜಮ್ಮುಲಮ್ಮ ತಕ್ಷಣ, ತನ್ನ ಮೀನನ್ನು ಈ ಗಯ್ಯಾಳಿಯ ಕೈಯಲ್ಲಿ ಹಬ್ಬ ದಾಟಿ ಒಂದು ದಿನವೂ ಬಿಡುವುದಿಲ್ಲ ಎಂದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ, ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಒಂದು ಚೀಲ ಹಿಡಿದು ಬಂದರು. ಅವರ ತವರು ಉಟ್ಕೂರು ಅದೇ ದಾರಿಯಲ್ಲಿ ಅಂತೆ. ತಮ್ಮನ ಹೆಂಡತಿ ಇದ್ದಾಳಂತೆ. ಪೂಜೆ ಮಾಡಿದ ಮಗ್ಗವನ್ನು ಹೇಗೂ ದಸರೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ, ಈ ಮನೆಯಲ್ಲಿ ಕಾಯುವುದಕ್ಕೆ ಏನಿದೆ, ಈ ಎರಡು ಕೋಣಗಳನ್ನೇ ಎಂದು ಗಂಡುಮಕ್ಕಳನ್ನು ತೋರಿಸಿದರು. ಎಂಕಪ್ಪ ಭಾವ ಊಟಕ್ಕೇನು ಎಂದು ಕೇಳಿದರು. ಉಪ್ಪು ಎಲ್ಲಿದೆ ಎಂದು ನಮಗೂ ಸರಿಯಾಗಿ ನೆನಪಿರಲಿಲ್ಲ.

ಆ ಬಸ್ಸನ್ನು ನಾನು ಮರೆಯುವುದಿಲ್ಲ. ನನ್ನ ತೊಡೆಯ ಮೇಲೆ ಗದ್ವಾಲ್, ಜಮ್ಮುಲಮ್ಮನ ತೊಡೆಯ ಮೇಲೆ ಮಕ್ತಲ್, ಹಳ್ಳ ಸಿಕ್ಕಲ್ಲೆಲ್ಲ ನೀರು ಚ್ಯಾಕ್ ಎಂದು ಮುಂದಿನವರ ಬೆನ್ನಿಗೆ. ಬೀಗರಿಬ್ಬರೂ ಒಂದೇ ಸೀಟಿನಲ್ಲಿ ಅಂಟಿಕೊಂಡು ಕೂತು ಯಾರ ಮೀನು ಮೊದಲು ತಣ್ಣಗಾಯಿತು ಎಂದು ವಾದ ಮಾಡಿದರು. ಅತ್ತೆ ಕಿಟಕಿಯ ಹೊರಗೆ ಕೈ ಹಾಕಿ ಜೋಳದ ಹೊಲಗಳನ್ನೆಲ್ಲ ಹೆಸರು ಹಿಡಿದು ಕರೆದರು, ಉಟ್ಕೂರಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ಬೈಸಿಕೊಂಡರು. ಮಕ್ತಲ್‌ನಲ್ಲಿ ಜಮ್ಮುಲಮ್ಮ ಹೊಳೆಯ ಕಡೆಗೆ ಹೊರಟಳು, ಹರಿಗೋಲು ದಾಟಿ ಗದ್ವಾಲಕ್ಕೆ. ನನ್ನ ಮೀನಿಗೆ ಮಿಡತೆ ಹಾಕು ಎಂದು ಅಷ್ಟು ದೂರದಿಂದ ಕೂಗಿದಳು.

ಮನೆಯ ಮುಂದೆ ಅವ್ವ ನಿಂತಿದ್ದಳು. ಅವಳ ಪಕ್ಕದಲ್ಲಿ, ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು, ನನ್ನದೇ ಮೂಗು ಇಟ್ಟುಕೊಂಡ ಒಂದು ಪುಟ್ಟ ಜೀವ. ನಾನು ಕೊಡವನ್ನು ಕೆಳಗಿಟ್ಟು, ಬೀದಿಯ ಮಣ್ಣಿನಲ್ಲೇ ಕೂತು, ಎರಡು ಕೈಯನ್ನೂ ಚಾಚಿದೆ. ಬಾ ಎಂದೆ. ಕೂಸು ನನ್ನನ್ನು ನೋಡಿತು. ಅದೇ ಗಳಿಗೆಯಲ್ಲಿ ಕೊಡದೊಳಗೆ ಗದ್ವಾಲ್ ಬಾಲ ಬಡಿಯಿತು. ಕೂಸು ಆ ಕಡೆ ತಿರುಗಿತು, ಗೋಡೆಯಿಂದ ಕೈ ಬಿಟ್ಟಿತು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನನ್ನ ಚಾಚಿದ ಕೈಯ ಪಕ್ಕದಲ್ಲೇ ಹಾದು ಹೋಗಿ ಕೊಡದ ಕಂಠವನ್ನು ತಬ್ಬಿಕೊಂಡಿತು.

ನನ್ನ ತಂಗಿಯ ಮೊದಲ ಹೆಜ್ಜೆ ಗದ್ವಾಲದ ಮೀನಿನ ಪಾಲಾಯಿತು. ನಾನು ಅಳುತ್ತಲೇ ನಕ್ಕೆ, ಕೂಸನ್ನೂ ಕೊಡವನ್ನೂ ಒಟ್ಟಿಗೆ ಅಪ್ಪಿಕೊಂಡೆ, ಸೀರೆಯೆಲ್ಲ ನೀರಾಯಿತು. ಅವ್ವ ನನ್ನ ತಲೆ ಸವರುತ್ತಿದ್ದಳು. ಒಂದು ವರ್ಷ ಕಾದು ಬಂದ ಮನೆಯ ಹೊಸ್ತಿಲನ್ನು ನಾನಿನ್ನೂ ತುಳಿದಿರಲಿಲ್ಲ, ಆಗಲೇ ಅಪ್ಪನ ಕಡೆ ತಿರುಗಿ, ನಾರಾಯಣಪೇಟೆಗೆ ವಾಪಸು ಬಸ್ಸು ಯಾವತ್ತು ಎಂದು ಕೇಳಿದೆ. ಈ ಸುದ್ದಿಯನ್ನು ಜಮ್ಮುಲಮ್ಮನಿಗೆ ಹೇಳಿ ಅವಳ ಜೊತೆ ಜಗಳ ಆಡದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು.